ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸದ್ದೂ ಪರದೆಯೂ ಕೈಕೊಟ್ಟಾಗ

ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಿಂದ ಬಳಸಿದ ಲ್ಯಾಪ್‌ಟಾಪ್ ಕೊಂಡು ತಂದ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನ ಪ್ರೊಸೆಸರ್, ಜೊತೆಗೊಂದು ಎನ್‌ವಿಡಿಯಾ ಚಿಪ್. ಅದರ ಮೇಲೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿದ. ನಾಲ್ಕನೆಯ ದಿನ ನಾನು ಲೋಕಲ್ ರೈಲಿನಲ್ಲಿ ಮುಲುಂಡಿಗೆ ಮರಳುತ್ತಿರುವಾಗ ಫೋನ್ ಬಂತು: "ಮಾವ, ಸೌಂಡ್ ಡ್ರೈವರ್ ಹೋಗಿದೆ. ಸದ್ದೇ ಇಲ್ಲ."

ಹೋಗಿದೆ ಎಂದು ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಎರಡು ರಾತ್ರಿ ಕೂತು, ಎಲ್ಲೆಲ್ಲೋ ಸಿಕ್ಕ ಆದೇಶಗಳನ್ನು ಒಂದರ ಮೇಲೊಂದು ಟರ್ಮಿನಲ್ ಎಂಬ ಆದೇಶ ಬರೆಯುವ ಕಿಟಕಿಗೆ ಅಂಟಿಸಿದ್ದ. ಯಾವುದು ಏನು ಮಾಡಿತು ಎಂಬುದು ಅವನಿಗೆ ನೆನಪಿರಲಿಲ್ಲ. ಭಾನುವಾರ ಹೋಗಿ ನೋಡಿದರೆ ಪರದೆಯ ಮೇಲಿನ ಅಕ್ಷರಗಳೆಲ್ಲ ದಪ್ಪದಪ್ಪ, ಬೆಳಕು ಕಡಿಮೆ ಮಾಡುವ ಕೀಲಿ ಸತ್ತಿದೆ, ಫ್ಯಾನ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿದೆ. ಪರದೆ ಯಾವಾಗಿನಿಂದ ಹೀಗೆ ಎಂದೆ. "ಅದು ಮೊದಲಿನಿಂದಲೂ ಹಾಗೇ. ಅದಿರಲಿ ಮಾವ, ನೀವು ಸದ್ದು ನೋಡಿ."

ಆ ‘ಅದಿರಲಿ’ ಎಂಬಲ್ಲೇ ರೋಗವಿತ್ತು. ಅಲ್ಲಿಗೆ ತಲುಪಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ಯಂತ್ರದಲ್ಲಿ ದೋಷ ಬೇರೆಯಿರಬಹುದು, ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಒಂದು ಸೂಚನೆ. ಇಂತಹ ಕೆಲಸವನ್ನು ನಾನು ಹೆಚ್ಚಾಗಿ ಫೋನಿನಲ್ಲೇ ಮಾಡಿಸುತ್ತೇನಾದ್ದರಿಂದ ಆದೇಶಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳು ಬೇಕು. ನಾನು ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಟರ್ಮಿನಲ್ ಎಂದರೇ ಅಂಜುವವರಿಗೆ ಪೊವೈಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಸಿಗುತ್ತವೆ.

ನಲ್ಲಿಯಿಂದ ಕೆರೆಯವರೆಗೆ

ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ನಲ್ಲಿಗೆ ನೀರು ಬಾರದಿದ್ದರೆ ಯಾರೂ ತಾನ್ಸಾ ಕೆರೆ ಬತ್ತಿತೇ ಎಂದು ನೋಡಲು ಹೋಗುವುದಿಲ್ಲ. ಪಕ್ಕದ ಮನೆಯಲ್ಲಿ ಬರುತ್ತಿದೆಯೇ ಎಂದು ಕೇಳುತ್ತೇವೆ. ಅಲ್ಲಿ ಬರುತ್ತಿದ್ದರೆ ತೊಂದರೆ ನಮ್ಮ ಪೈಪಿನದು. ಅಲ್ಲೂ ಇಲ್ಲವೆಂದರೆ ಮಹಡಿಯ ಟ್ಯಾಂಕು, ಆಮೇಲೆ ಪಂಪು, ಆಮೇಲೆ ನೆಲದಡಿಯ ಟ್ಯಾಂಕು. ಲಿನಕ್ಸ್‌ನಲ್ಲಿ ಸದ್ದು ಬರುವುದೂ ಹೀಗೆ ಹಂತಹಂತವಾಗಿ: ಚಿಪ್, ಅದರೊಳಗೆ ಓಡುವ ಸಣ್ಣ ತಂತ್ರಾಂಶವಾದ ಫರ್ಮ್‌ವೇರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಚಿಪ್ಪನ್ನು ನಡೆಸುವ ಡ್ರೈವರ್ ಅಂದರೆ ಆಲ್ಸಾ, ಅದರ ಮೇಲೆ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಎಂಬ ಧ್ವನಿ ಸರ್ವರ್, ಕೊನೆಯಲ್ಲಿ ಹಾಡು ನುಡಿಸುವ ತಂತ್ರಾಂಶ. ‘ಡ್ರೈವರ್ ಇಲ್ಲ’ ಎಂದು ನನ್ನ ಬಳಿ ಬಂದ ಯಂತ್ರಗಳಲ್ಲಿ ಬಹುಪಾಲಿಗೆ ಡ್ರೈವರ್ ಇದ್ದೇ ಇತ್ತು. ನಡುವೆ ಯಾರೋ ವಾಲ್ವ್ ತಿರುಗಿಸಿಟ್ಟಿದ್ದರು.

ಮೊದಲ ಪ್ರಶ್ನೆ ಕರ್ನಲ್‌ಗೆ. ‘ಎಲ್‌ಎಸ್‌ಪಿಸಿಐ’ ಎಂದು ಒತ್ತಿ, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಎನ್‌ಎನ್‌ಕೆ’ ಸೇರಿಸಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಆಡಿಯೋ, ವಿಜಿಎ, 3ಡಿ ಎಂಬ ಪದಗಳಿರುವ ಸಾಲುಗಳು ಮಾತ್ರ ನಮಗೆ ಬೇಕು. ಚೌಕ ಆವರಣದಲ್ಲಿ ತಯಾರಕರ ಸಂಖ್ಯೆ ಇರುತ್ತದೆ: 8086 ಎಂದರೆ ಇಂಟೆಲ್, 1002 ಎಂದರೆ ಎಎಂಡಿ, 10ಡಿಇ ಎಂದರೆ ಎನ್‌ವಿಡಿಯಾ. ಇಂಟೆಲ್ 1978ರಲ್ಲಿ ಹೊರತಂದ ಪ್ರೊಸೆಸರಿನ ಹೆಸರನ್ನೇ ತನ್ನ ಗುರುತಿನ ಸಂಖ್ಯೆಯಾಗಿ ಇಟ್ಟುಕೊಂಡಿದೆ; ಆ ಗತ್ತು ನನಗೆ ಇಷ್ಟ. ಪ್ರತಿ ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್ ಆ ಸಾಧನವನ್ನು ಕೈಗೆತ್ತಿಕೊಂಡಿದೆ ಎಂದರ್ಥ. ಬರಿಯ ‘ಕರ್ನಲ್ ಮಾಡ್ಯೂಲ್ಸ್’ ಎಂಬ ಸಾಲು ಇದ್ದು ‘ಇನ್ ಯೂಸ್’ ಇಲ್ಲದಿದ್ದರೆ ಡ್ರೈವರ್ ಮನೆಯಲ್ಲಿದೆ, ಕೆಲಸಕ್ಕೆ ಬಂದಿಲ್ಲ. ಏಕೆ ಬಂದಿಲ್ಲ ಎಂಬುದಕ್ಕೆ ಉತ್ತರ ಕರ್ನಲ್‌ನ ದಿನಚರಿಯಲ್ಲಿರುತ್ತದೆ.

ಆ ದಿನಚರಿ ‘ಸುಡೊ ಡಿಎಂಇಎಸ್‌ಜಿ’ ಎಂದರೆ ತೆರೆದುಕೊಳ್ಳುತ್ತದೆ; ‘ಸುಡೊ’ ಎಂದರೆ ಆಡಳಿತಗಾರನ ಅಧಿಕಾರದಲ್ಲಿ ಓಡಿಸು ಎಂದು. ಪರದೆ ಕಪ್ಪಾಗಿ ಬಲವಂತದಿಂದ ಆರಿಸಿದ್ದರೆ ಹಿಂದಿನ ಸಲದ ದಾಖಲೆ ಬೇಕಾಗುತ್ತದೆ. ಅದಕ್ಕೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’. ಸಾವಿರ ಸಾಲು ಓದುವ ತಾಳ್ಮೆ ಯಾರಿಗೂ ಇಲ್ಲ, ಬೇಕಾಗಿಯೂ ಇಲ್ಲ. ಸದ್ದಿಗಾದರೆ ‘ಎಸ್‌ಒಎಫ್’, ‘ಎಚ್‌ಡಿಎ’, ಚಿತ್ರಕ್ಕಾದರೆ ‘ಐ915’, ‘ಎಎಂಡಿಜಿಪಿಯು’, ‘ನೂವೋ’, ‘ಎನ್‌ವಿಡಿಯಾ’, ಎರಡಕ್ಕೂ ‘ಫರ್ಮ್‌ವೇರ್’ ಎಂಬ ಪದವನ್ನು ಹುಡುಕಿದರೆ ಸಾಕು; ಫರ್ಮ್‌ವೇರ್ ಬಿಟ್ಟು ಉಳಿದವು ಡ್ರೈವರುಗಳ ಹೆಸರುಗಳು.

ಡೊಂಬಿವಲಿಯ ಯಂತ್ರದ ದಿನಚರಿಯಲ್ಲಿ ಎಸ್‌ಒಎಫ್ ಎಂದು ಹುಡುಕಿದಾಗ ಕೆಂಪಕ್ಷರದ ಸಾಲು ಸಿಕ್ಕಿತು. ಐ915 ಮತ್ತು ಎಚ್‌ಡಿಎಂಐ ಕೋಡೆಕ್‌ಗಳ ಆರಂಭ ವಿಫಲವಾಯಿತು ಎಂಬುದು ಅದರ ಸಾರ. ಅಳಿಯ ಆ ಸಾಲನ್ನು ನೋಡಿರಲಿಲ್ಲವೆಂದಲ್ಲ, ನೋಡಿ ಬಿಟ್ಟಿದ್ದ. ಐ915 ಎಂಬುದು ಇಂಟೆಲ್‌ನ ಗ್ರಾಫಿಕ್ಸ್ ಡ್ರೈವರ್. ಸದ್ದಿನ ಡ್ರೈವರ್ ಏಕೆ ಗ್ರಾಫಿಕ್ಸ್ ಡ್ರೈವರಿನ ಹೆಸರು ಹೇಳಿ ಅಳುತ್ತಿದೆ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ.

ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಹಾಗಾಗಿ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಸದ್ದಿನ ಡ್ರೈವರ್ ಎದ್ದೇಳುವಾಗ ಗ್ರಾಫಿಕ್ಸ್ ಡ್ರೈವರಿನ ಕೈಕುಲುಕಬೇಕು. 6.1ರಂತಹ ಕರ್ನಲ್‌ಗಳಲ್ಲಿ ಆ ಕೈ ಸಿಗದಿದ್ದರೆ ಎಸ್‌ಒಎಫ್ ಡ್ರೈವರ್ ಎಚ್‌ಡಿಎಂಐ ಸದ್ದನ್ನಷ್ಟೇ ಬಿಟ್ಟು ಮುಂದೆ ಹೋಗುವುದಿಲ್ಲ. ಸ್ಪೀಕರು, ಮೈಕು ಸಮೇತ ಇಡೀ ಧ್ವನಿ ಕಾರ್ಡನ್ನೇ ಕೈಬಿಡುತ್ತದೆ. ನಮ್ಮಲ್ಲಿ ಗ್ರಾಫಿಕ್ಸ್ ಡ್ರೈವರ್ ಏಕೆ ಕೈ ಚಾಚಲಿಲ್ಲ? ‘ಕ್ಯಾಟ್’ ಎಂದು ಒತ್ತಿ, ಪ್ರೊಕ್ ಕಡತಕೋಶದ ‘ಸಿಎಂಡಿಲೈನ್’ ಕಡತವನ್ನು ಓದಿಸಿದೆ. ಸಾಲಿನ ಕೊನೆಯಲ್ಲಿ ‘ನೋಮೋಡ್‌ಸೆಟ್’ ಕೂತಿತ್ತು.

"ಇದನ್ನು ಯಾರು ಹಾಕಿದ್ದು?"

"ನಾನೇ. ಮೊದಲ ದಿನ ಪರದೆ ಕಪ್ಪಾಗಿತ್ತು. ಇದನ್ನು ಹಾಕಿದ ಮೇಲೆ ಬಂತು. ಅದು ಒಳ್ಳೆಯದಲ್ಲವೇ ಮಾವ?"

ನೋಮೋಡ್‌ಸೆಟ್ ಎಂದರೆ, ಗ್ರಾಫಿಕ್ಸ್ ಡ್ರೈವರುಗಳೆಲ್ಲ ಕೈಕಟ್ಟಿ ಕೂರಲಿ, ಯಂತ್ರದ ಮೂಲ ಫರ್ಮ್‌ವೇರ್ (ಬಯೋಸ್) ಕೊಟ್ಟ ಚಿತ್ರದಲ್ಲೇ ಕೆಲಸ ಸಾಗಲಿ ಎಂಬ ಅಪ್ಪಣೆ. ಕಾಲು ಮುರಿದಾಗ ಹಿಡಿಯುವ ಊರುಗೋಲು ಅದು. ವಾಸಿಯಾದ ಮೇಲೂ ಹಿಡಿದು ಓಡಾಡಬಾರದು. ಕಪ್ಪು ಪರದೆ ಹೋಯಿತು, ನಿಜ. ಬದಲಿಗೆ ಪರದೆಯ ಅಳತೆ ಕುಗ್ಗಿತು, ಬೆಳಕಿನ ಕೀಲಿ ಸತ್ತಿತು, ಚಿತ್ರ ಬಿಡಿಸುವ ಹೊರೆ ಪ್ರೊಸೆಸರಿನ ತಲೆಗೆ ಬಂದು ಫ್ಯಾನ್ ಕೂಗತೊಡಗಿತು, ಸದ್ದು ಸತ್ತಿತು. ಹುಡುಗ ಎರಡು ರಾತ್ರಿ ಸದ್ದಿಗೆ ಬರೆ ಎಳೆದಿದ್ದ, ಜ್ವರವಿದ್ದುದು ಪರದೆಗೆ.

ಚಿತ್ರವನ್ನು ಬಿಡಿಸುತ್ತಿರುವವರು ಯಾರು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ‘ಮೆಸಾ-ಯುಟಿಲ್ಸ್’ ಪೊಟ್ಟಣ (ಪ್ಯಾಕೇಜ್) ಹಾಕಿಕೊಂಡು ‘ಜಿಎಲ್‌ಎಕ್ಸ್‌ಇನ್ಫೋ -ಬಿ’ ಎನ್ನಿ. ಈ ‘ಬಿ’ ದೊಡ್ಡಕ್ಷರ. ರೆಂಡರರ್ ಎಂಬ ಸಾಲಿನಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದರೆ ಗ್ರಾಫಿಕ್ಸ್ ಚಿಪ್ ಮಲಗಿದೆ, ಪ್ರೊಸೆಸರ್ ಒಬ್ಬಂಟಿಯಾಗಿ ದುಡಿಯುತ್ತಿದೆ. ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರು ಬಂದರೆ ಸರಿ.

ಒಂದು ಸಲಕ್ಕಷ್ಟೇ ಬದಲಿಸಿ ನೋಡುವುದು

ಈಗ ನೋಮೋಡ್‌ಸೆಟ್ ತೆಗೆಯಬೇಕು. ಯಂತ್ರ ಹಚ್ಚಿದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಕಡತವನ್ನು ನೇರವಾಗಿ ತಿದ್ದಿ ಮರುಚಾಲನೆ ಮಾಡಿದರೆ, ಪರದೆ ಮತ್ತೆ ಕಪ್ಪಾದಾಗ ತಿದ್ದುವುದಕ್ಕೇ ದಾರಿ ಇರುವುದಿಲ್ಲ. ಗ್ರಬ್‌ನ ಪಟ್ಟಿ ಬಂದಾಗ ‘ಇ’ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ಪದ ತೆಗೆಯಿರಿ ಅಥವಾ ಸೇರಿಸಿ, ಕಂಟ್ರೋಲ್ ಜೊತೆ ಎಕ್ಸ್ ಒತ್ತಿ. ಆ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಆರಿಸಿ ಹಚ್ಚಿದರೆ ಮೊದಲಿನಂತೆ. ಗ್ರಬ್ ಪಟ್ಟಿ ಕಾಣದಿದ್ದರೆ ಹೊಸ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ತಟ್ಟುತ್ತಿರಬೇಕು, ಹಳೆಯವುಗಳಲ್ಲಿ ಶಿಫ್ಟ್ ಒತ್ತಿಹಿಡಿಯಬೇಕು.

ನೋಮೋಡ್‌ಸೆಟ್ ಒಂದನ್ನೇ ತೆಗೆದು ನೋಡಿದೆವು. ಪರದೆ ಕಪ್ಪು. ಅಳಿಯ ನನ್ನ ಮುಖ ನೋಡಿದ. ಆದರೆ ಇದು ಸೋಲಲ್ಲ. ಕಪ್ಪು ಮಾಡುತ್ತಿರುವವನು ಇನ್ನೂ ಒಳಗಿದ್ದಾನೆ ಎಂದು ಖಚಿತವಾಯಿತು. ಹಿಂದಿನ ಸಲದ ದಾಖಲೆಯಲ್ಲಿ ಐ915 ಸದ್ದಿಲ್ಲದೆ ಎದ್ದಿತ್ತು. ಆಮೇಲೆ ನೂವೋ, ಅಂದರೆ ಎನ್‌ವಿಡಿಯಾ ಚಿಪ್‌ಗೆ ಸಮುದಾಯವೇ ಬರೆದ ಮುಕ್ತ ಡ್ರೈವರ್, ತಪ್ಪುಗಳ ಸರಮಾಲೆ ಬರೆದು ನಿಂತುಹೋಗಿತ್ತು. ಎರಡನೆಯ ಸಲ ನೋಮೋಡ್‌ಸೆಟ್ ತೆಗೆದು, ಅದರ ಜಾಗದಲ್ಲಿ ‘ಮಾಡ್‌ಪ್ರೋಬ್’, ಚುಕ್ಕೆ, ‘ಬ್ಲ್ಯಾಕ್‌ಲಿಸ್ಟ್’, ಸಮಚಿಹ್ನೆ, ‘ನೂವೋ’ ಎಂದು ಸೇರಿಸಿದೆವು. ಇಲ್ಲಿ ನೂವೋ ಎಂಬುದನ್ನು ಫ್ರೆಂಚ್ ಕಾಗುಣಿತದಲ್ಲಿ ಎನ್-ಒ-ಯು-ವಿ-ಇ-ಎ-ಯು ಎಂದು ಬರೆಯಬೇಕು. ಫೋನಿನಲ್ಲಿ ಹೇಳಿಸಿಕೊಂಡವರು ತಪ್ಪುವುದು ಇಲ್ಲೇ.

ಪರದೆ ಪೂರ್ಣ ಅಳತೆಯಲ್ಲಿ ಬೆಳಗಿತು. ‘ಸ್ಪೀಕರ್-ಟೆಸ್ಟ್ -ಸಿ 2 -ಟಿ ವಾವ್’ ಎಂದಾಗ ಹೆಣ್ಣುದನಿಯೊಂದು ‘ಫ್ರಂಟ್ ಲೆಫ್ಟ್’ ಎಂದಿತು. ಸದ್ದಿನ ಡ್ರೈವರನ್ನು ನಾವು ಇನ್ನೂ ಮುಟ್ಟಿರಲಿಲ್ಲ.

ಫಲ ಕಂಡ ಮೇಲೆ ಬದಲಾವಣೆ ಶಾಶ್ವತವಾಗಬೇಕು. ಡೆಬಿಯನ್, ಉಬುಂಟುಗಳಲ್ಲಿ ಇಟಿಸಿ ಕಡತಕೋಶದ ‘ಡಿಫಾಲ್ಟ್’ ಒಳಗಿನ ‘ಗ್ರಬ್’ ಕಡತವನ್ನು ತಿದ್ದಿ ‘ಸುಡೊ ಅಪ್‌ಡೇಟ್-ಗ್ರಬ್’ ಎನ್ನಬೇಕು. ಫೆಡೋರಾದಲ್ಲಿ ಈ ಕೆಲಸಕ್ಕೆ ‘ಗ್ರಬ್ಬಿ’ ಎಂಬ ಸಲಕರಣೆ ಇದೆ. ತಿದ್ದುವ ಮೊದಲು ಮೂಲ ಕಡತದ ಪ್ರತಿಯೊಂದನ್ನು ಇಟ್ಟುಕೊಳ್ಳಿ.

ಪರದೆ ಸರಿಯಿದ್ದೂ ಸದ್ದಿಲ್ಲದಿದ್ದರೆ

ಎಲ್ಲರ ಮನೆಯಲ್ಲೂ ನೋಮೋಡ್‌ಸೆಟ್ ಇರುವುದಿಲ್ಲ. ಹಾಗಿರುವಾಗ ‘ಎಪ್ಲೇ -ಎಲ್’ ಎಂದು ಕೇಳಿ. ಧ್ವನಿ ಕಾರ್ಡುಗಳ ಪಟ್ಟಿ ಬಂದರೆ ಕರ್ನಲ್ ತನ್ನ ಕೆಲಸ ಮಾಡಿದೆ, ಮುಂದಿನ ಹಂತಕ್ಕೆ ಹೋಗಿ. ಕಾರ್ಡೇ ಇಲ್ಲ ಎಂದರೆ, ಅಥವಾ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ ಕಂಡರೆ, ಮೊದಲ ಅನುಮಾನ ಫರ್ಮ್‌ವೇರ್ ಮೇಲೆ. ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಸದ್ದನ್ನು ಸಣ್ಣದೊಂದು ಪ್ರತ್ಯೇಕ ಸಂಸ್ಕಾರಕ (ಪ್ರೊಸೆಸರ್) ನೋಡಿಕೊಳ್ಳುತ್ತದೆ. ಅದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್, ಚಿಕ್ಕದಾಗಿ ಎಸ್‌ಒಎಫ್, ಎಂಬ ಕಡತ ಬೇಕು. ಇದರ ಪೊಟ್ಟಣಕ್ಕೆ ಊರಿಗೊಂದು ಹೆಸರು: ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಫೆಡೋರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’, ಆರ್ಚ್‌ನಲ್ಲಿ ‘ಎಸ್‌ಒಎಫ್-ಫರ್ಮ್‌ವೇರ್’. ಡೆಬಿಯನ್ 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರನ್ನು ಅನುಸ್ಥಾಪನೆಯ ಜೊತೆಗೇ ಕೊಡುತ್ತಿದೆ. ಅದಕ್ಕಿಂತ ಹಳೆಯದಾದರೆ ನೀವೇ ಹಾಕಿಕೊಳ್ಳಬೇಕು. ವೈಫೈ ಕೂಡ ಇಲ್ಲದ ಸ್ಥಿತಿಯಲ್ಲಿ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿದರೆ ಇಂಟರ್‌ನೆಟ್ ಸಿಗುತ್ತದೆ.

ಎಸ್‌ಒಎಫ್ ಬೇಡ, ಹಳೆಯ ಡ್ರೈವರೇ ಇರಲಿ ಎಂದು ‘ಡಿಎಸ್‌ಪಿ ಡ್ರೈವರ್ 1’ ಎಂಬ ಆಯ್ಕೆಯನ್ನು ಹಾಕಿಸುವವರಿದ್ದಾರೆ. ಸ್ಪೀಕರ್ ಕೂಗುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ವಾರದ ನಂತರ ಆನ್‌ಲೈನ್ ತರಗತಿಯಲ್ಲಿ ಮೈಕ್ ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗುತ್ತದೆ. ಈ ಯಂತ್ರಗಳ ಒಳಮೈಕುಗಳು ನೇರವಾಗಿ ಆ ಸಣ್ಣ ಸಂಸ್ಕಾರಕಕ್ಕೆ ಜೋಡಿಸಿದ ಡಿಜಿಟಲ್ ಮೈಕುಗಳಾಗಿದ್ದರೆ ಹಳೆಯ ಡ್ರೈವರಿಗೆ ಅವು ಕಾಣುವುದೇ ಇಲ್ಲ.

ಕಾರ್ಡು ಇದೆ, ಸದ್ದಿಲ್ಲ ಎಂದಾದರೆ ‘ಆಲ್ಸಾಮಿಕ್ಸರ್’ ತೆರೆಯಿರಿ. ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿ. ಇದನ್ನು ಮರೆತು ‘ಡಿಫಾಲ್ಟ್’ ನೋಡುತ್ತಾ ಕೂರುವವರೇ ಹೆಚ್ಚು. ಪಟ್ಟಿಯ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಬಾಯಿ ಮುಚ್ಚಿದೆ. ‘ಎಂ’ ಕೀಲಿ ಒತ್ತಿದರೆ ತೆರೆಯುತ್ತದೆ. ಮಾಸ್ಟರ್ ತೆರೆದಿದ್ದು ಸ್ಪೀಕರ್ ಮುಚ್ಚಿರುವುದೂ ಉಂಟು.

ಅಲ್ಲೂ ಸರಿಯಿದ್ದರೆ ಧ್ವನಿ ಸರ್ವರ್ ನೋಡಬೇಕು. ಫೆಡೋರಾ 2021ರಲ್ಲಿ 34ನೆಯ ಆವೃತ್ತಿಯಿಂದ, ಉಬುಂಟು 22.10ರಿಂದ ಪಲ್ಸ್‌ಆಡಿಯೋ ಬಿಟ್ಟು ಪೈಪ್‌ವೈರ್ ಬಳಸುತ್ತಿವೆ. ಹಳೆಯ ಸಲಹೆಗಳನ್ನು ಹೊಸ ಯಂತ್ರಕ್ಕೆ ಅನ್ವಯಿಸಿದರೆ ಇಬ್ಬರೂ ಒಂದೇ ಕಾರ್ಡಿಗೆ ಕಿತ್ತಾಡುತ್ತಾರೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ, ಪೈಪ್‌ವೈರ್ ಇದ್ದ ಮೇಲೆ ಪಲ್ಸ್‌ಆಡಿಯೋವನ್ನು ತಂದು ಕೂರಿಸಿದ್ದ. ಯಾರು ಗದ್ದುಗೆಯಲ್ಲಿದ್ದಾರೆ ಎಂದು ‘ಪಿಎಸಿಟಿಎಲ್ ಇನ್ಫೋ’ ಹೇಳುತ್ತದೆ. ಸರ್ವರ್ ಹೆಸರಿನ ಸಾಲಿನಲ್ಲಿ ‘ಆನ್ ಪೈಪ್‌ವೈರ್’ ಎಂದಿದ್ದರೆ ಪೈಪ್‌ವೈರ್ ನಡೆಯುತ್ತಿದೆ, ಬರಿಯ ಪಲ್ಸ್‌ಆಡಿಯೋ ಎಂದಿದ್ದರೆ ಹಳೆಯದು. ಅವನಲ್ಲಿ ಪಲ್ಸ್‌ಆಡಿಯೋ ತೆಗೆದು ‘ಪೈಪ್‌ವೈರ್-ಆಡಿಯೋ’ ಹಾಕಿ ಲಾಗ್ ಔಟ್ ಮಾಡಿಸಿದೆ.

ಪೈಪ್‌ವೈರ್‌ನಲ್ಲಿ ‘ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್’ ಎಂದರೆ ಸದ್ದು ಹೋಗಬಹುದಾದ ಜಾಗಗಳೆಲ್ಲ ಸಂಖ್ಯೆಯೊಂದಿಗೆ ಬರುತ್ತವೆ, ಈಗಿನದಕ್ಕೆ ನಕ್ಷತ್ರದ ಗುರುತು. ನಕ್ಷತ್ರ ಎಚ್‌ಡಿಎಂಐ ಮೇಲಿದ್ದರೆ, ಜೋಡಿಸಿಯೇ ಇಲ್ಲದ ಟಿವಿಗೆ ಸದ್ದು ಹೋಗುತ್ತಿದೆ. ‘ಡಬ್ಲ್ಯೂಪಿಸಿಟಿಎಲ್ ಸೆಟ್-ಡಿಫಾಲ್ಟ್’ ಎಂದು ಸ್ಪೀಕರಿನ ಸಂಖ್ಯೆ ಕೊಟ್ಟರೆ ತಿರುಗುತ್ತದೆ. ಈ ಸೇವೆಗಳನ್ನು ಮತ್ತೆ ಹಚ್ಚುವಾಗ ‘ಸಿಸ್ಟಂಸಿಟಿಎಲ್’ ನಂತರ ಎರಡು ಅಡ್ಡಗೆರೆ ಹಾಕಿ ‘ಯೂಸರ್’ ಎನ್ನಬೇಕು, ಸುಡೊ ಹಾಕಬಾರದು. ಇವು ನಿಮ್ಮ ಹೆಸರಿನಲ್ಲಿ ಓಡುವ ಸೇವೆಗಳು, ರೂಟ್ ಎಂಬ ಆಡಳಿತಗಾರನ ಹೆಸರಿನಲ್ಲಲ್ಲ.

ಹಾಡು ಶುರುವಾಗುವಾಗ, ನಿಂತಾಗ ‘ಟಪ್’ ಎಂದು ಸದ್ದಾಗುವುದು ವಿದ್ಯುತ್ ಉಳಿತಾಯದ ಕಿತಾಪತಿ. ‘ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್’ ಬಳಸುವ ಯಂತ್ರವಾದರೆ ಅದರ ‘ಪವರ್ ಸೇವ್’ ಆಯ್ಕೆಯನ್ನು ಸೊನ್ನೆ ಮಾಡಿದರೆ ನಿಲ್ಲುತ್ತದೆ.

ಎನ್‌ವಿಡಿಯಾ ಮತ್ತು ನೀಲಿ ಪರದೆ

ಇಂಟೆಲ್, ಎಎಂಡಿ ಗ್ರಾಫಿಕ್ಸ್‌ಗೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ. ಹೊಚ್ಚಹೊಸ ಚಿಪ್‌ಗೆ ಹೊಸ ಕರ್ನಲ್ ಮತ್ತು ಹೊಸ ಫರ್ಮ್‌ವೇರ್ ಬೇಕಾಗಬಹುದು, ಅಷ್ಟೇ. ಇಂಟೆಲ್ ಪರದೆ ಮಿಣುಕುತ್ತಿದ್ದರೆ ‘ಐ915’, ಚುಕ್ಕೆ, ‘ಎನೇಬಲ್’, ಅಡಿಗೆರೆ, ‘ಪಿಎಸ್‌ಆರ್’, ಸಮಚಿಹ್ನೆ, ಸೊನ್ನೆ ಎಂದು ಗ್ರಬ್ ಸಾಲಿಗೆ ಸೇರಿಸಿ ನೋಡಿ.

ಎನ್‌ವಿಡಿಯಾ ಬೇರೆಯೇ ಕಥೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೋ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಆ ಕಂಪನಿಗೆ ನಡುಬೆರಳು ತೋರಿಸಿದ್ದು ಎಲ್ಲರಿಗೂ ಗೊತ್ತು. ಕಂಪನಿ 2022ರಲ್ಲಿ ತನ್ನ ಕರ್ನಲ್ ಮಾಡ್ಯೂಲಿನ, ಅಂದರೆ ಡ್ರೈವರಿನ, ಮುಕ್ತ ಆವೃತ್ತಿಯನ್ನು ಬಿಡುಗಡೆ ಮಾಡಿತು, ಪರಿಸ್ಥಿತಿ ಸುಧಾರಿಸಿದೆ. ಆದರೂ ಅದು ಕರ್ನಲ್‌ನ ಹೊರಗಿನ ಮಾಡ್ಯೂಲೇ. ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ಮತ್ತೆ ಕಟ್ಟಬೇಕು, ಕಟ್ಟಲು ಆ ಕರ್ನಲ್‌ನ ಹೆಡರ್ ಕಡತಗಳು ಬೇಕು. ಅಪ್‌ಡೇಟ್ ಆದ ಮರುದಿನ ಪರದೆ ಕಪ್ಪಾದರೆ ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್ ಆರಿಸಿ ಒಳಹೋಗಿ, ‘ಡಿಕೆಎಂಎಸ್ ಸ್ಟೇಟಸ್’ ನೋಡಿ. ಹೊಸ ಕರ್ನಲ್ ಸಂಖ್ಯೆಯ ಎದುರು ‘ಇನ್‌ಸ್ಟಾಲ್ಡ್’ ಇಲ್ಲದಿದ್ದರೆ ಹೆಡರ್ ಹಾಕಿ. ಕಂಪನಿಯ ಜಾಲತಾಣದಿಂದ ‘ರನ್’ ಕಡತ ತಂದು ಓಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಡೆಬಿಯನ್‌ನಂತಹ ಡಿಸ್ಟ್ರೋದ ಪೊಟ್ಟಣವೂ ಅದೂ ಬೆರೆತರೆ ಬಿಡಿಸಲು ಒಂದು ಭಾನುವಾರ ಸಾಲದು.

ನೂವೋ ಇಲ್ಲದೆಯೂ ಅಳಿಯನ ಕೆಲಸ ನಡೆಯುತ್ತಿತ್ತು. ಆದರೆ ಅವನಿಗೆ ಹೊರಗಿನ ಮಾನಿಟರ್ ಬೇಕು. ಹಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಎನ್‌ವಿಡಿಯಾ ಚಿಪ್‌ಗೇ ಹೋಗಿರುತ್ತದೆ. ಆ ಚಿಪ್‌ಗೆ ಡ್ರೈವರ್ ಇಲ್ಲವೆಂದರೆ ಇಂಟೆಲ್ ಎಷ್ಟು ಚೆನ್ನಾಗಿದ್ದರೂ ಮಾನಿಟರ್ ಕಾಣದು. ಹೆಡರ್‌ಗಳನ್ನೂ ಡೆಬಿಯನ್‌ನ ಎನ್‌ವಿಡಿಯಾ ಡ್ರೈವರನ್ನೂ ಹಾಕಿದೆವು. ಮರುಚಾಲನೆಯಾದ ಮೇಲೆ ‘ಎನ್‌ವಿಡಿಯಾ-ಎಸ್‌ಎಂಐ’ ತನ್ನ ಡ್ರೈವರಿನೊಡನೆ ಮಾತಾಡಲಾಗುತ್ತಿಲ್ಲ ಎಂದಿತು. ‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಎಂದಾಗ ಉತ್ತರ ಸ್ಪಷ್ಟವಾಗಿತ್ತು: ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್.’ ಈ ಸಾಲು ಕಂಡರೆ ಡ್ರೈವರನ್ನು ಮತ್ತೆ ಮತ್ತೆ ಹಾಕಬೇಡಿ. ಸೆಕ್ಯೂರ್ ಬೂಟ್ ಎಂಬ ಕಾವಲು ಬಾಗಿಲಲ್ಲಿ ನಿಂತಿದೆ. ನಿಮ್ಮ ಮನೆಯಲ್ಲಿ ಕಟ್ಟಿದ ಮಾಡ್ಯೂಲಿನ ಸಹಿ ಅದಕ್ಕೆ ಪರಿಚಯವಿಲ್ಲ.

‘ಎಂಒಕೆಯುಟಿಲ್’ ನಂತರ ಎರಡು ಅಡ್ಡಗೆರೆ ಹಾಕಿ ‘ಎಸ್‌ಬಿ-ಸ್ಟೇಟ್’ ಎಂದರೆ ಸೆಕ್ಯೂರ್ ಬೂಟ್ ಚಾಲೂ ಇದೆಯೇ ಎಂದು ತಿಳಿಯುತ್ತದೆ. ಬಯೋಸ್‌ನಲ್ಲಿ ಅದನ್ನು ಬಂದ್ ಮಾಡಿಬಿಡುವುದು ಒಂದು ದಾರಿ; ನನಗೆ ಇಷ್ಟವಿಲ್ಲದ ದಾರಿ. ಮಾಡ್ಯೂಲಿಗೆ ಸಹಿ ಹಾಕುವ ಕೀಲಿಯ ಪರಿಚಯ ಮಾಡಿಸುವುದು ಇನ್ನೊಂದು. ಡೆಬಿಯನ್ 12ರಲ್ಲಿ ಡಿಕೆಎಂಎಸ್ ತಾನೇ ಒಂದು ಕೀಲಿ ಮಾಡಿ ವಾರ್ ಒಳಗಿನ ಲಿಬ್ ಒಳಗಿನ ಡಿಕೆಎಂಎಸ್ ಕಡತಕೋಶದಲ್ಲಿ ‘ಎಂಒಕೆ.ಪಬ್’ ಎಂದು ಇಟ್ಟಿರುತ್ತದೆ. ‘ಸುಡೊ ಎಂಒಕೆಯುಟಿಲ್’, ಎರಡು ಅಡ್ಡಗೆರೆ, ‘ಇಂಪೋರ್ಟ್’, ಆಮೇಲೆ ಆ ಕಡತದ ದಾರಿ. ಅದು ಗುಪ್ತಪದ ಕೇಳುತ್ತದೆ. ಇದು ಒಮ್ಮೆ ಮಾತ್ರ ಬಳಸುವ ಪದ. ಅಂಕಿಗಳಷ್ಟನ್ನೇ ಇಟ್ಟರೆ ಕೀಲಿಮಣೆಯ ವಿನ್ಯಾಸದ ಗೊಂದಲ ಇರುವುದಿಲ್ಲ.

ಮರುಚಾಲನೆಯಾಗುವಾಗ ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಯಾವುದಾದರೂ ಕೀಲಿ ಒತ್ತಬೇಕು, ಇಲ್ಲದಿದ್ದರೆ ಹಾಗೇ ಮುಂದೆ ಹೋಗುತ್ತದೆ. ನಾನು ಅಕ್ಕ ಕೊಟ್ಟ ಚಹಾ ತರಲು ಅಡುಗೆಮನೆಗೆ ಹೋದ ಹೊತ್ತಿಗೇ ಅದು ಬಂತು. ಹುಡುಗ ಹೆದರಿ, ಮೊದಲಿಗೇ ಕಂಡ ‘ಕಂಟಿನ್ಯೂ ಬೂಟ್’ ಮೇಲೆ ಎಂಟರ್ ಒತ್ತಿದ. ಕೋರಿಕೆ ಬಿದ್ದುಹೋಯಿತು, ಇಂಪೋರ್ಟ್‌ನಿಂದ ಮತ್ತೆ ಶುರು. ಎರಡನೆಯ ಸಲ ಇಬ್ಬರೂ ಕೂತು ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಗುಪ್ತಪದ, ‘ರೀಬೂಟ್’ ಎಂದು ಮುಗಿಸಿದೆವು. ಮಾನಿಟರ್ ಹತ್ತಿಕೊಂಡಿತು.

ಕೊನೆಗೊಂದು ಮಳೆಗಾಲದ ದೋಷ

ಇದು ಡ್ರೈವರಿನದಲ್ಲ, ಆದರೆ ಜುಲೈ ಬಂತೆಂದರೆ ಡ್ರೈವರಿನ ವೇಷ ಹಾಕಿಕೊಂಡು ಬರುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ಹೆಡ್‌ಫೋನ್ ಕಿಂಡಿಯೊಳಗಿನ ಲೋಹದ ಸ್ಪರ್ಶಗಳು ಕಿಲುಬು ಹಿಡಿಯುತ್ತವೆ. ಏನೂ ಸಿಕ್ಕಿಸದಿದ್ದರೂ ಹೆಡ್‌ಫೋನ್ ಇದೆ ಎಂದು ಯಂತ್ರ ನಂಬಿ ಸ್ಪೀಕರನ್ನು ಮುಚ್ಚಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಬದಲು ಹೆಡ್‌ಫೋನ್ ಎಂದು ಕಾಣುವುದೇ ಸುಳಿವು. ಪಿನ್ನನ್ನು ಹತ್ತು ಹದಿನೈದು ಸಲ ಸಿಕ್ಕಿಸಿ ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ. ಆಗದಿದ್ದರೆ ಆಲ್ಸಾಮಿಕ್ಸರಿನಲ್ಲಿ ‘ಆಟೋ-ಮ್ಯೂಟ್ ಮೋಡ್’ ಅನ್ನು ‘ಡಿಸೇಬಲ್ಡ್’ ಮಾಡಿ, ಸ್ಪೀಕರಿನ ಧ್ವನಿ ಏರಿಸಿ, ‘ಸುಡೊ ಆಲ್ಸಾಸಿಟಿಎಲ್ ಸ್ಟೋರ್’ ಎಂದು ಉಳಿಸಿಕೊಳ್ಳಿ. ಆಮೇಲೆ ನಿಜವಾಗಿ ಹೆಡ್‌ಫೋನ್ ಹಾಕಿದಾಗಲೂ ಸ್ಪೀಕರ್ ಕೂಗುತ್ತದೆ, ಲೋಕಲ್‌ನಲ್ಲಿ ಸಿನಿಮಾ ನೋಡುವವರು ಇದನ್ನು ನೆನಪಿಡಬೇಕು. ಕಿಂಡಿಯನ್ನೇ ಬದಲಿಸುವುದಾದರೆ ಕೆಲವು ಮಾದರಿಗಳಲ್ಲಿ ಅದು ಪ್ರತ್ಯೇಕ ಸಣ್ಣ ಬೋರ್ಡಿನ ಮೇಲಿರುತ್ತದೆ. ಬಿಚ್ಚಿಸುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.